ಮಳೆ, ಮತ ಮತ್ತು ಮೈಲಾರದ ಕಾರ್ಣಿಕ

ಹೊಸಪೇಟೆಯಿಂದ ಹರಿಹರದ ಕಡೆಗೆ ಹೊರಟ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದು ಹೋಗುತ್ತದೆ. ರೈಲು ಮುಟ್ಟದ ಕೂಡ್ಲಿಗಿ ಪೂರ್ವಕ್ಕಿದೆ, ಹೂವಿನಹಡಗಲಿ ಪಶ್ಚಿಮಕ್ಕಿದೆ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳಲ್ಲಿ ಕಿಟಕಿಯಾಚೆ ಕಾಣುವುದು ಜೋಳ, ಶೇಂಗಾ, ಮೆಕ್ಕೆಜೋಳದ ಹೊಲಗಳು, ನಡುನಡುವೆ ಬೋಳು ಗುಡ್ಡಗಳು. ಮುಗಿಲು ನೋಡಿ ಬಿತ್ತುವ ಸೀಮೆ ಇದು. ಇಲ್ಲಿ ಮಳೆಯ ಮಾತು ಶುರುವಾದರೆ ಸರ್ಕಾರದ ಮಾತು ಬಾರದೆ ಮುಗಿಯುವುದಿಲ್ಲ. ಅದೇಕೆಂದು ತಿಳಿಯಲು ಈ ಐದು ಊರುಗಳನ್ನು ಒಮ್ಮೆ ಸುತ್ತಿ ಬರಬೇಕು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಕಡಲಿನಂತೆ ಹರಡಿಕೊಳ್ಳುತ್ತದೆ. ಕಣ್ಣೆದುರು ಇಷ್ಟು ನೀರಿದ್ದೂ ಹೊಲ ಒಣಗುವುದೇಕೆ? ಉತ್ತರ ಸರಳ. ನೀರು ತಗ್ಗಿಗೆ ಹರಿಯುತ್ತದೆ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ಕಾಲುವೆಗಳು ಸಿರುಗುಪ್ಪ, ರಾಯಚೂರು, ಆಂಧ್ರದ ಕಡೆಗೆ ಇಳಿಯುತ್ತವೆ. ಈ ತಾಲ್ಲೂಕುಗಳಾದರೋ ಅಣೆಕಟ್ಟಿನ ಮೇಲ್ಭಾಗದಲ್ಲಿವೆ. ಇಲ್ಲಿಗೆ ಹೊಳೆಯ ನೀರು ಬರಬೇಕಾದರೆ ಪಂಪು ಹಾಕಿ ಮೇಲೆತ್ತಬೇಕು. ಅದಕ್ಕೆ ವಿದ್ಯುತ್ ಬೇಕು, ಹಣ ಬೇಕು, ಸರ್ಕಾರದ ಆದೇಶ ಬೇಕು. ಹೀಗಾಗಿ ಇಲ್ಲಿನ ರೈತನಿಗೆ ನೀರು ಬರುವ ದಾರಿ ಎರಡೇ: ಒಂದು ಮೋಡ, ಇನ್ನೊಂದು ಸರ್ಕಾರ. ಮೊದಲನೆಯದು ಕೈಕೊಟ್ಟಾಗ ಅವನು ಎರಡನೆಯದರತ್ತ ತಿರುಗುತ್ತಾನೆ.

ಕೊಟ್ಟೂರು ಗುರು ಕೊಟ್ಟೂರೇಶ್ವರನ ಕ್ಷೇತ್ರ, ಜೊತೆಗೆ ವ್ಯಾಪಾರದ ಊರು. ಬರ ಎಂಬುದು ಹೊಲದಿಂದ ಪೇಟೆಗೆ ಹೇಗೆ ನಡೆದು ಬರುತ್ತದೆಂದು ತಿಳಿಯಲು ಇಂಥ ಊರೇ ತಕ್ಕದ್ದು. ಶೇಂಗಾ ಬೆಳೆ ಹೋದರೆ ಮಂಡಿಗೆ ಚೀಲ ಬರುವುದಿಲ್ಲ. ಹಮಾಲರಿಗೆ ಕೂಲಿ ಇಲ್ಲ. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಇಲ್ಲ, ದರ್ಜಿಗೆ ಕೆಲಸವಿಲ್ಲ, ಮಿರ್ಚಿ ಮಂಡಕ್ಕಿ ಗಾಡಿಯವನ ಒಲೆಯೂ ಬೇಗ ಆರುತ್ತದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ‘ಆರ್ಥಿಕ ಹಿಂಜರಿತ’ ಎಂದು ಓದುವುದನ್ನು ಈ ಸೀಮೆಯ ಮಕ್ಕಳು ಸಂತೆಯಲ್ಲೇ ನೋಡಿರುತ್ತಾರೆ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ಗುಡೇಕೋಟೆಯ ಗುಡ್ಡಗಳಲ್ಲಿ ಕರಡಿಗಳಿವೆ. ಮಳೆ ಹೋದ ವರ್ಷ ಈ ಕಡೆಯ ಹಳ್ಳಿ, ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ. ದೊಡ್ಡವರ ಜೊತೆ ಮಕ್ಕಳೂ ಹೊರಟರೆ ಆ ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ.

ಕರ್ನಾಟಕದ ಹಲವು ಭಾಗಗಳಿಗೆ 2001ರಿಂದ 2004ರವರೆಗೆ ಸತತ ಮೂರು ವರ್ಷ ಬರ ಬಂದಿತ್ತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್.ಎಂ. ಕೃಷ್ಣ. 1999ರಲ್ಲಿ 224 ಸ್ಥಾನಗಳ ಪೈಕಿ 132 ಗೆದ್ದು ಅವರ ಪಕ್ಷ ಅಧಿಕಾರಕ್ಕೆ ಬಂದಿತ್ತು. ಅವರ ಕಾಲದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಗಣಕೀಕರಣಗೊಂಡಿತು, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಹೆಸರು ಮಾಡಿತು. ಬರ ಬಲಿತಾಗ 2003ರಲ್ಲಿ ಸರ್ಕಾರ ‘ವರುಣ’ ಎಂಬ ಮೋಡ ಬಿತ್ತನೆಗೂ ಕೈಹಾಕಿತು. ವಿಮಾನದಿಂದ ಬಿಟ್ಟ ಸಿಲ್ವರ್ ಅಯೋಡೈಡ್‌ನಂಥ ಸೂಕ್ಷ್ಮ ಕಣಗಳ ಸುತ್ತ ಮೋಡದ ನೀರು ಹರಳುಗಟ್ಟಿ ಹನಿಯಾಗಿ ಇಳಿಯಲಿ ಎಂಬುದು ಇದರ ಲೆಕ್ಕಾಚಾರ. ಆದರೆ ಬಿತ್ತಲು ಮೊದಲು ಮೋಡ ಇರಬೇಕಲ್ಲ! ತೇವವಿಲ್ಲದ ಆಕಾಶದಿಂದ ಯಾವ ವಿಮಾನವೂ ಮಳೆ ತರಲಾರದು.

ಅವಧಿಗೆ ಮೊದಲೇ ವಿಧಾನಸಭೆ ವಿಸರ್ಜನೆಯಾಗಿ 2004ರ ಏಪ್ರಿಲ್ ತಿಂಗಳಲ್ಲಿ ಮತದಾನ ನಡೆಯಿತು. ಕೆರೆಗಳ ತಳ ಬಿರುಕು ಬಿಡುವ ತಿಂಗಳು ಅದು. ಕೃಷ್ಣ ಅವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ತಾವು ಗೆದ್ದರು, ಆದರೆ ಅವರ ಪಕ್ಷ 65ಕ್ಕೆ ಇಳಿಯಿತು. ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಅಂಶ ಗಮನಿಸಬೇಕು. ಪಕ್ಷದ ಮತಪ್ರಮಾಣ ಸುಮಾರು ಶೇ 41ರಿಂದ ಶೇ 35ಕ್ಕೆ ಬಂದಿತ್ತು, ಅಷ್ಟೆ. ತ್ರಿಕೋನ ಸ್ಪರ್ಧೆಯಲ್ಲಿ ನೂರಕ್ಕೆ ಆರು ಮತ ಜಾರಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಹೋದವು.

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ ಇದೇ ಏರಿಳಿತವನ್ನು ಒಬ್ಬ ವ್ಯಕ್ತಿಯ ಬದುಕಿನಲ್ಲಿ ಕಾಣಬಹುದು. ‘ರಂಗಭಾರತಿ’ ಕಟ್ಟಿದ ಎಂ.ಪಿ. ಪ್ರಕಾಶ್ ಇಲ್ಲಿಂದ 1983, 1985, 1994 ಮತ್ತು 2004ರಲ್ಲಿ ಗೆದ್ದರು, 1989 ಮತ್ತು 1999ರಲ್ಲಿ ಸೋತರು. ನಾಡಿನ ಗಾಳಿ ತಿರುಗಿದಾಗಲೆಲ್ಲ ಹಡಗಲಿಯ ಗಾಳಿಯೂ ತಿರುಗಿತು. ಬರದ ನಂತರದ ಗೆಲುವು 2005ರಲ್ಲಿ ಅವರನ್ನು ಉಪಮುಖ್ಯಮಂತ್ರಿ ಸ್ಥಾನಕ್ಕೆ ಒಯ್ದಿತು.

ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಜನಸಾಗರ ಸ್ತಬ್ಧವಾಗುತ್ತದೆ. ಆತ ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಅಂದು ಸಂಜೆಯಿಂದಲೇ ಆ ಸಾಲಿನ ಅರ್ಥ ಬಿಡಿಸುವ ಕೆಲಸ ಶುರು. ಒಬ್ಬರು ಅದರಲ್ಲಿ ಮಳೆ ಬೆಳೆ ಕಂಡರೆ ಇನ್ನೊಬ್ಬರು ಕುರ್ಚಿಯ ಭವಿಷ್ಯ ಕಾಣುತ್ತಾರೆ. ಮಳೆಯನ್ನೂ ಗದ್ದುಗೆಯನ್ನೂ ಒಂದೇ ಮಾತಿನಲ್ಲಿ ಹುಡುಕುವುದು ಈ ಸೀಮೆಗೆ ಸಹಜ, ಇಲ್ಲಿ ಅವೆರಡೂ ಬೇರೆಯಲ್ಲ. ಕಾರ್ಣಿಕ ನಂಬಿಕೆಯ ಮಾತು. ವಿಜ್ಞಾನದ ಮುನ್ಸೂಚನೆಗೆ ಬೇರೆ ನಿಯಮವಿದೆ: ಅದು ಮೊದಲೇ ಸ್ಪಷ್ಟವಾಗಿ ಹೇಳಬೇಕು, ತಪ್ಪಾದರೆ ತಪ್ಪೆಂದು ಗೊತ್ತಾಗುವಂತಿರಬೇಕು.

ಹಾಗಾದರೆ ಮಳೆಗೂ ಮತಕ್ಕೂ ನಂಟಿದೆ ಎಂಬುದನ್ನು ಪರೀಕ್ಷಿಸಬಹುದೇ? ಶಾನ್ ಕೋಲ್, ಆಂಡ್ರ್ಯೂ ಹೀಲಿ ಮತ್ತು ಎರಿಕ್ ವರ್ಕರ್ ಎಂಬ ವಿದ್ವಾಂಸರು ಭಾರತದ ರಾಜ್ಯ ಚುನಾವಣೆಗಳ ಫಲಿತಾಂಶವನ್ನು ಮಳೆಯ ಲೆಕ್ಕದೊಡನೆ ಹೋಲಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಮಳೆ ತೀರ ಕೆಟ್ಟಾಗ ಆಡಳಿತ ಪಕ್ಷ ಮತ ಕಳೆದುಕೊಳ್ಳುತ್ತದೆ, ಆದರೆ ಚುರುಕಾಗಿ ಪರಿಹಾರ ಕೊಟ್ಟ ಸರ್ಕಾರಕ್ಕೆ ಪೆಟ್ಟು ಕಡಿಮೆ ಎಂದು ಅವರು ಕಂಡುಕೊಂಡರು. ಕಷ್ಟಕಾಲದಲ್ಲಿ ಆಳುವವರು ಬೆಲೆ ತೆರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ಗವರ್ನರ್ ಎಂದರೆ ನೇಮಕಗೊಂಡ ರಾಜ್ಯಪಾಲರಲ್ಲ, ಜನರೇ ಆರಿಸಿದ ರಾಜ್ಯದ ಮುಖ್ಯಸ್ಥರು. ಕ್ಯಾಲಿಫೋರ್ನಿಯಾದ ಗ್ರೇ ಡೇವಿಸ್ 2002ರ ನವೆಂಬರ್‌ನಲ್ಲಿ ಮರು ಆಯ್ಕೆಯಾಗಿದ್ದರು. ವಿದ್ಯುತ್ ಬಿಕ್ಕಟ್ಟು, ಬಜೆಟ್ ಕೊರತೆಗಳಿಂದ ಬೇಸತ್ತ ಮತದಾರರು 2003ರ ಅಕ್ಟೋಬರ್‌ನಲ್ಲಿ ಅವರನ್ನು ಅಧಿಕಾರದಿಂದ ವಾಪಸು ಕರೆಸಿದರು.

ಇಷ್ಟಾದರೂ ಬರವೊಂದೇ ಸರ್ಕಾರವನ್ನು ಬೀಳಿಸುತ್ತದೆ ಎನ್ನಲಾಗದು. ಜಾತಿ, ಅಭ್ಯರ್ಥಿ, ಮೈತ್ರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 1985ರ ನಂತರ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ಬಹುಮತದೊಡನೆ ಮರಳಿ ಬಂದಿಲ್ಲ. ಆ ಎಲ್ಲ ವರ್ಷಗಳೂ ಬರದ ವರ್ಷಗಳಲ್ಲ. ಹರಪನಹಳ್ಳಿ ಕ್ಷೇತ್ರವೂ 2008, 2013, 2018, 2023ರ ನಾಲ್ಕು ಚುನಾವಣೆಗಳಲ್ಲಿ ಹಾಲಿ ಶಾಸಕರನ್ನು ಸತತ ಎರಡನೇ ಸಲ ಆರಿಸಿಲ್ಲ.

ಹರಪನಹಳ್ಳಿಯ ಕಥೆಯಲ್ಲಿ ಇನ್ನೊಂದು ಪಾಠವಿದೆ. 1997ರಲ್ಲಿ ಈ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಲಾಗಿತ್ತು. 2002ರಲ್ಲಿ ಶಾಲೆಯ ಬಿಸಿಯೂಟ ‘ಅಕ್ಷರ ದಾಸೋಹ’ ಮೊದಲಿಗೆ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು, ಉಳಿದ ಜಿಲ್ಲೆಗಳಿಗೆ ಮರುವರ್ಷ ಬಂದಿತು. ಗಡಿಗೆರೆಯ ಆಚೆಗೂ ಈಚೆಗೂ ಬರ ಒಂದೇ. ಆದರೆ ಕೊಟ್ಟೂರಿನ ಶಾಲೆಯ ಮಗುವಿಗೆ ಊಟ ಮೊದಲು ಸಿಕ್ಕಿತು, ಹರಪನಹಳ್ಳಿಯ ಮಗು ಕಾಯಬೇಕಾಯಿತು. ಆ ವ್ಯತ್ಯಾಸ ಮೋಡ ಮಾಡಿದ್ದಲ್ಲ, ಕಡತ ಮಾಡಿದ್ದು. ತಂದೆತಾಯಿ ಗುಳೆ ಹೊರಟಾಗ ಮಗುವನ್ನು ಅಜ್ಜಿಯ ಬಳಿ, ಶಾಲೆಯಲ್ಲೇ ಉಳಿಸಲು ಆ ಒಂದು ಹೊತ್ತಿನ ಅನ್ನ ದೊಡ್ಡ ಆಸರೆ.

ಮಳೆ ಬಾರದ್ದಕ್ಕೆ ಮುಖ್ಯಮಂತ್ರಿಯನ್ನು ದೂರುವುದು ನ್ಯಾಯವಲ್ಲ. ಮಳೆ ಬಾರದಾಗ ಮೇವು, ಕುಡಿಯುವ ನೀರು, ಕೂಲಿ, ಅನ್ನ ಹೊತ್ತಿಗೆ ಬಂತೇ ಎಂದು ಕೇಳುವುದು ನ್ಯಾಯ. ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಈಗ ಮಳೆಮಾಪಕಗಳಿವೆ, ಚುನಾವಣಾ ಆಯೋಗದ ಅಂಕಿಅಂಶಗಳೂ ಎಲ್ಲರಿಗೂ ಸಿಗುತ್ತವೆ. ಮುಂದೆ ಮತ ಹಾಕಲಿರುವ ಪ್ರೌಢಶಾಲೆಯ ಮಕ್ಕಳು ತಮ್ಮ ತಾಲ್ಲೂಕಿನ ಎರಡೂ ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಲಿ. ಆ ಹಾಳೆಯಲ್ಲಿ ಮೂರನೆಯ ಸಾಲೂ ಇರಲಿ: ಬರದ ವರ್ಷ ತಮ್ಮ ಊರಿಗೆ ಪರಿಹಾರ ಯಾವ ತಿಂಗಳಲ್ಲಿ ಬಂತು? ಮತ ಕೇಳಲು ಬಂದವರ ಮುಂದೆ ಮನೆಯ ಹಿರಿಯರು ಇಡಬೇಕಾದದ್ದು ಆ ಮೂರನೆಯ ಸಾಲನ್ನು.