ಜಾವಾದ ಬೆನ್ನೇರಿ ಉಡುಪಿಯಿಂದ ಕಾರ್ಕಳಕ್ಕೆ

ಘಟ್ಟದ ಮೇಲಿನ ನಮ್ಮಂಥವರಿಗೆ ಉಡುಪಿ ಎಂದೊಡನೆ ನೆನಪಿಗೆ ಬರುವವು ಕೃಷ್ಣಮಠ, ರಥಬೀದಿ ಮತ್ತು ಹೋಟೆಲು. ಪಕ್ಕದ ಗುಡ್ಡದ ಮೇಲಿನ ಮಣಿಪಾಲವಂತೂ ನಮ್ಮ ಸಮಾಜದ ಎಷ್ಟೋ ಕುಟುಂಬಗಳಿಗೆ ಆಸ್ಪತ್ರೆಯ ಮೂಲಕವೋ ಮಕ್ಕಳ ಕಾಲೇಜಿನ ಮೂಲಕವೋ ಪರಿಚಿತವಾದುದು. ಡಾ. ಟಿ.ಎಂ.ಎ. ಪೈ ಅವರು ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ ೧೯೫೭ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಅಲ್ಲಿ ಸ್ಥಾಪಿಸಿದರು. ಇನ್ನೂ ಹಿಂದಕ್ಕೆ ಹೋದರೆ, ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಳ್ಳುವವರೆಗೆ ಈ ಕರಾವಳಿಯು ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಸೇರಿತ್ತು. ಆದುದರಿಂದ ಆಗುಂಬೆಯ ಘಾಟಿ ಇಳಿದು ಬರುವ ನಮ್ಮವನು ಇಲ್ಲಿ ತೀರ ಹೊರಗಿನವನೇನೂ ಅಲ್ಲ.

ಕಳೆದ ವೈಶಾಖದಲ್ಲಿ ನಾನು ಆ ಘಾಟಿ ಇಳಿದುದು ದೇವದರ್ಶನಕ್ಕಾಗಿಯೂ ಅಲ್ಲ, ಚಿಕಿತ್ಸೆಗಾಗಿಯೂ ಅಲ್ಲ. ಒಂದು ಮೋಟಾರ್ ಸೈಕಲ್ಲಿನ ಪಂಚಾಯಿತಿಗಾಗಿ. ನಮ್ಮ ತಂದೆಯವರು ೧೯೬೯ರಲ್ಲಿ ಕೊಂಡ ಜಾವಾ ಗಾಡಿಯನ್ನು ಅಣ್ಣನು ಎರಡು ವರ್ಷ ಶ್ರಮಪಟ್ಟು, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿದ್ದಿತೋ ಹಾಗೆ ಸಿದ್ಧಗೊಳಿಸಿದ್ದನು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವನ ಮಗನು ಅದನ್ನು ಅಲ್ಲಿಗೆ ಒಯ್ದು, ಈಗ 'ಕೆಫೆ ರೇಸರ್' ಮಾಡಿಸುತ್ತೇನೆಂದು ಹಟ ಹಿಡಿದಿದ್ದನು. ಕಾರ್ಕಳದ ಒಂದು ವರ್ಕ್‌ಶಾಪಿನಲ್ಲಿ ಮಾತುಕತೆಯೂ ಆಗಿತ್ತು. ತಂದೆ ಮಗನ ನಡುವೆ ದೂರವಾಣಿಯ ಮಾತು ನಿಂತುಹೋದಾಗ, ಅತ್ತಿಗೆಯವರು ನನ್ನನ್ನು ಕಳುಹಿಸಿದರು.

ಕೆಫೆ ರೇಸರ್ ಎಂದರೇನೆಂಬುದನ್ನು ಹುಡುಗನು ನನಗೆ ವಿವರಿಸಿದುದು ಉಡುಪಿಯ ಮಿತ್ರ ಸಮಾಜದಲ್ಲಿ, ಗೋಳಿಬಜೆಯ ತಟ್ಟೆಯ ಮುಂದೆ. ಹೋಟೆಲುಗಳ ತವರೂರಿನಲ್ಲಿ ಕುಳಿತು ಲಂಡನ್ನಿನ ಕಾಫಿ ಹೋಟೆಲಿನ ಕಥೆ ಕೇಳುವುದು ವಿನೋದವಾಗಿಯೇ ಇತ್ತು. ಲಂಡನ್ನಿನ ಉತ್ತರ ವರ್ತುಲ ರಸ್ತೆಯ ಬದಿಯಲ್ಲಿ ೧೯೩೮ರಲ್ಲಿ ಆರಂಭವಾದ ಏಸ್ ಕೆಫೆ ಎಂಬ ಉಪಾಹಾರ ಗೃಹವಿದೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಬಿದ್ದು, ೧೯೪೯ರಲ್ಲಿ ಮತ್ತೆ ಎದ್ದು, ೧೯೬೯ರಲ್ಲಿ ಮುಚ್ಚಿ, ೨೦೦೧ರಲ್ಲಿ ಪುನಃ ತೆರೆದ ಸ್ಥಳವದು. ೧೯೫೦-೬೦ರ ದಶಕಗಳಲ್ಲಿ ಚರ್ಮದ ಅಂಗಿ ತೊಟ್ಟ ಯುವಕರು ಇಂತಹ ಹೋಟೆಲುಗಳ ಮುಂದೆ ಸೇರಿ, ಒಂದರಿಂದ ಇನ್ನೊಂದಕ್ಕೆ ಪಂಥ ಕಟ್ಟಿ ಗಾಡಿ ಓಡಿಸುತ್ತಿದ್ದರು. ಗಂಟೆಗೆ ನೂರು ಮೈಲಿ ಮುಟ್ಟುವುದೇ ಅವರ ಗುರಿ. ಅದಕ್ಕಾಗಿ ಗಾಡಿಯ ಮೇಲಿನ ಅನಾವಶ್ಯಕ ಭಾರವನ್ನೆಲ್ಲ ಕಳಚುತ್ತಿದ್ದರು. ಹ್ಯಾಂಡಲನ್ನು ತಗ್ಗಿಸಿ, ಕಾಲಿಡುವ ಮೆಟ್ಟುಗಳನ್ನು ಹಿಂದಕ್ಕೆ ಸರಿಸಿ, ಗಾಳಿಗೆ ಎದೆಯೊಡ್ಡದಂತೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬಾಗಿ ಕೂರುವ ಏರ್ಪಾಡು. ಹಿಂದೆ ಗೂನಿನಂತಹ ಉಬ್ಬುಳ್ಳ, ಒಬ್ಬನೇ ಕೂರುವ ಆಸನ. ನಮ್ಮ ದೇಶದಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯು ೨೦೧೩ರಲ್ಲಿ ಕಾಂಟಿನೆಂಟಲ್ ಜಿಟಿ ಎಂಬ ಗಾಡಿಯನ್ನು ಇದೇ ರೂಪದಲ್ಲಿ ಹೊರತಂದ ಮೇಲೆ ಈ ಹುಚ್ಚು ಕಾಲೇಜು ಹುಡುಗರಿಗೆ ಚೆನ್ನಾಗಿಯೇ ಹತ್ತಿತು.

"ಒಬ್ಬನೇ ಕೂರುವ ಆಸನವೇ?" ಎಂದೆ.

"ಹೌದು ಕಾಕಾ."

"ಹಾಗಾದರೆ ನಾನು ಕಾರ್ಕಳಕ್ಕೆ ಬಸ್ಸಿಗೆ ಹೋಗಬೇಕಾಗಿತ್ತು."

ಅವನು ನಕ್ಕನು. ನಕ್ಕರೂ ಮಾತು ಅವನಿಗೆ ತಾಗಿತೆಂದು ಕಾಣುತ್ತದೆ. ಅದೇ ಗಾಡಿಯ ಮೇಲೆ ನಮ್ಮ ತಂದೆ, ತಾಯಿ, ಟ್ಯಾಂಕಿನ ಮೇಲೆ ಅಣ್ಣ, ನಡುವೆ ನಾನು, ಹೀಗೆ ನಾಲ್ವರು ಬ್ಯಾಡಗಿಯಿಂದ ಜಾತ್ರೆಗಳಿಗೆ ಹೋದುದನ್ನು ಅವನು ಎಳೆತನದಿಂದ ಕೇಳಿ ಬೆಳೆದವನು.

ಜಾವಾದ ವಿಚಾರವಾಗಿ ಎರಡು ಮಾತು ಇಲ್ಲಿ ಸಲ್ಲುತ್ತದೆ. ಮೂಲದಲ್ಲಿ ಅದು ಚೆಕ್ ದೇಶದ ಗಾಡಿ. ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡನು. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ತೆರೆದು ೧೯೬೧ರಿಂದ ಅದನ್ನು ನಮ್ಮ ನಾಡಿನಲ್ಲಿಯೇ ತಯಾರಿಸತೊಡಗಿದರು. ಮುಂದೆ ಅದೇ ಯೆಜ್ಡಿಯಾಗಿ, ೧೯೯೬ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಕರ್ನಾಟಕದ ಊರೂರುಗಳ ವರ್ತಕರು, ಶಾಲಾ ಮಾಸ್ತರರು, ಅಂಚೆಯವರು ಎಲ್ಲರ ಮನೆಯ ಮುಂದೆಯೂ ನಿಂತಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಎರಡು ಸ್ಟ್ರೋಕಿನ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ತಿರುಗಿ ಗೇರಿನ ಸನ್ನೆಯಾಗುವ ಚಮತ್ಕಾರ ಇದರ ವೈಶಿಷ್ಟ್ಯ. ಈ ಕಡೆಯ ಗುಣವೇ ಕೆಫೆ ರೇಸರಿಗೆ ಅಡ್ಡಿ. ಕಾಲಿನ ಮೆಟ್ಟನ್ನು ಹಿಂದಕ್ಕೆ ಸರಿಸಿದರೆ ಪಾದಕ್ಕೆ ಗೇರು ಎಟುಕುವುದಿಲ್ಲ. ಗೇರನ್ನು ಕೊಂಡಿಗಳ ಮೂಲಕ ಹಿಂದಕ್ಕೆ ಎಳೆದುಕೊಂಡರೆ ಕಿಕ್ಕಿಗೆ ತೊಡಕು. ನೂರು ಮೈಲಿಯ ವೇಗವಂತೂ ಈ ಗಾಡಿಗೆ ಎಂದೂ ಇರಲಿಲ್ಲ. ಹಾಗಿದ್ದರೆ ಈ ವೇಷವೇಕೆ ಎಂಬುದು ಅಣ್ಣನ ಪ್ರಶ್ನೆ.

ಹುಡುಗನ ಉತ್ತರವೂ ತಳ್ಳಿಹಾಕುವಂತಹುದಲ್ಲ. "ಅಪ್ಪ ಮಾಡಿಸಿದ್ದು ಅಜ್ಜನ ಗಾಡಿಯಲ್ಲ ಕಾಕಾ, ಕಾರ್ಖಾನೆಯ ಗಾಡಿ. ಅಜ್ಜನ ಗಾಡಿಗೆ ಮೆಣಸಿನಕಾಯಿ ಚೀಲ ಹೇರಲು ಕಬ್ಬಿಣದ ಕ್ಯಾರಿಯರ್ ಇತ್ತು. ಅಜ್ಜಿಯ ಸೀರೆ ಚಕ್ರಕ್ಕೆ ಸಿಕ್ಕದಂತೆ ಕುಲುಮೆಯಲ್ಲಿ ಮಾಡಿಸಿದ ಜಾಲರಿ ಇತ್ತು. ಅದನ್ನೆಲ್ಲ ಅಪ್ಪ ಕಿತ್ತು ಗುಜರಿಗೆ ಹಾಕಿದರು. ಅಜ್ಜ ಬದಲಾಯಿಸಬಹುದು, ಅಪ್ಪ ಬದಲಾಯಿಸಬಹುದು, ನಾನು ಮಾತ್ರ ಬದಲಾಯಿಸಬಾರದೇ?"

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಮಣಿಪಾಲದ ಮಣ್ಣಪಳ್ಳ ಕೆರೆಯ ಸಮೀಪದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಲು ಹೋದೆವು. ಕರಾವಳಿಗೆ ಹೋಗುವ ನಮ್ಮ ವಾಚಕರು ಅರ್ಧ ದಿನವನ್ನಾದರೂ ಇದಕ್ಕೆ ಮೀಸಲಿಡಬೇಕು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಕಂಡು ತಾಳಲಾರದೆ, ಅವುಗಳನ್ನು ಬಿಚ್ಚಿಸಿ ತಂದು ಇಲ್ಲಿ ಮತ್ತೆ ನಿಲ್ಲಿಸುವ ಕಾಯಕವನ್ನು ಕೈಗೊಂಡರು. ೨೦೧೭ರಲ್ಲಿ ಅವರು ತೀರಿಕೊಂಡರು, ಮನೆಗಳು ಉಳಿದಿವೆ. ಕುಂಜೂರಿನ ಚೌಕಿಮನೆ, ಕಾರ್ಕಳದ ಕಡೆಯ ಮಿಯ್ಯಾರಿನ ಮನೆ, ಮುಧೋಳದ ಅರಮನೆಯ ದರ್ಬಾರು, ನಮ್ಮ ಕೊಪ್ಪಳ ಸೀಮೆಯ ಕುಕನೂರಿನ ಕಮಲ ಮಹಲ್. ಇವುಗಳ ಮಧ್ಯೆ ಒಂದು ವೀರಶೈವ ಜಂಗಮ ಮಠವೂ ಇದೆ. ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಕೇಳುತ್ತಲೇ ಬೆಳೆದ ನಮ್ಮಂಥವರು, ನೆಲ ಬಿಟ್ಟು ಎದ್ದು ಪಯಣಿಸಿ ಇನ್ನೊಂದು ನೆಲದಲ್ಲಿ ನಿಂತ ಆ ಮಠದ ಮುಂದೆ ತುಸು ಹೊತ್ತು ಮೌನವಾಗುವುದು ಸಹಜ.

ಅಲ್ಲಿ ನಾನು ಹುಡುಗನಿಗೆ ತೋರಿಸಿದುದು ಕಂಬ ತೊಲೆಗಳ ಸಂದುಗಳನ್ನು. ಹಿಂದಿನ ಬಡಗಿಗಳು ಮರಕ್ಕೆ ಮರವನ್ನು ತೂತು-ನಾಲಗೆಯ ಬೆಸುಗೆಯಿಂದ ಕೂಡಿಸುತ್ತಿದ್ದರು. ಬೆಣೆ ತೆಗೆದರೆ ಬಿಚ್ಚಿಕೊಳ್ಳುತ್ತದೆ, ಬೆಣೆ ಹೊಡೆದರೆ ಕೂಡಿಕೊಳ್ಳುತ್ತದೆ. ಹಾಗೆ ಕಟ್ಟಿದ್ದರಿಂದಲೇ ಈ ಮನೆಗಳು ಲಾರಿಯೇರಿ ಬಂದೂ ಬದುಕಿದವು. ಬಿಚ್ಚುವುದು ಬೇರೆ, ಕೊಯ್ಯುವುದು ಬೇರೆ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹ್ಯಾಂಡಲ್, ಸೀಟು, ಮಡ್‌ಗಾರ್ಡ್ ಇವೆಲ್ಲ ನಟ್ಟು ಬೋಲ್ಟಿನವು. ಹಿಂದಿನ ಫ್ರೇಮ್ ಒಂದನ್ನೇ ಕೊಯ್ಯಬೇಕಾಗುತ್ತದೆ" ಎಂದನು.

ಮಧ್ಯಾಹ್ನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟೆವು. ಉಡುಪಿಯಿಂದ ಕಾಪು ಸುಮಾರು ೧೩ ಕಿಲೋಮೀಟರು. ಸಮುದ್ರದಂಚಿನ ಕಲ್ಲುಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಾವಿಕರಿಗೆ ದಾರಿ ತೋರುತ್ತಿದೆ. ಒಳಗಿನ ದೀಪ ಈಗ ವಿದ್ಯುತ್ತಿನದು, ಗೋಪುರ ಅಂದಿನದೇ. ಊರಿನ ಹೊಸ ಮಾರಿಗುಡಿಯು ನಮ್ಮ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಹೊಸದಾಗಿ ನಿರ್ಮಾಣಗೊಂಡು, ೨೦೨೫ರಲ್ಲಿ ಬ್ರಹ್ಮಕಲಶೋತ್ಸವ ಕಂಡಿತು. ತೆರೆಯ ಹನಿ ಮುಖಕ್ಕೆ ಹಿತವಾಗಿತ್ತಾದರೂ ಗಾಡಿಗೆ ಹಿತವಲ್ಲ. ಅಣ್ಣ ಮಾಡಿಸಿದ್ದ ನಿಕ್ಕಲ್ ಮೆರುಗಿನ ಮೇಲೆ ಕರಾವಳಿಯ ಉಪ್ಪುಗಾಳಿ ಆಗಲೇ ಎಳ್ಳುಕಾಳಿನಷ್ಟು ತುಕ್ಕಿನ ಚುಕ್ಕೆಗಳನ್ನು ಇಟ್ಟಿತ್ತು. ಜ್ಯೇಷ್ಠ ಹುಟ್ಟಿದರೆ ಇಲ್ಲಿ ಸುರಿಯುವ ಮಳೆಯನ್ನು ಬಯಲುಸೀಮೆಯವರು ಕಣ್ಣಾರೆ ಕಂಡೇ ನಂಬಬೇಕು. ಆ ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದ ಗಾಡಿ ಓಡಿಸಿದವನ ಬೆನ್ನು ಗದ್ದೆ ಉತ್ತ ಎತ್ತಿನ ಬೆನ್ನಿನಂತಾಗುತ್ತದೆ. ಲಂಡನ್ನಿನ ಫ್ಯಾಷನ್ನು ತುಳುನಾಡಿನ ಮಳೆಯ ಲೆಕ್ಕ ಹಿಡಿದಿಲ್ಲ.

ಕಾನೂನಿನ ಮಾತನ್ನೂ ನಾನು ಎತ್ತದೆ ಬಿಡಲಿಲ್ಲ. ನೋಂದಣಿ ಪತ್ರದಲ್ಲಿ ಕಂಪನಿಯವರು ನಮೂದಿಸಿದ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ; ಸರ್ವೋಚ್ಚ ನ್ಯಾಯಾಲಯವೂ ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಇದಲ್ಲದೆ ೨೦೨೧ರಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ನಿಯಮ ತಂದಿದೆ. ಚಾಸಿಸ್ಸಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡಾಗಿರಬಾರದು ಎಂಬುದೇ ಅದರ ಮುಖ್ಯ ಷರತ್ತು. ೧೯೬೯ರ ನಮ್ಮ ಜಾವಾ ಆ ಗೌರವಕ್ಕೆ ಅರ್ಹ. ಫ್ರೇಮಿಗೆ ಗರಗಸ ಮುಟ್ಟಿದ ದಿನ ಅನರ್ಹ.

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು, ಬೆಳ್ಮಣ್ಣು, ನಿಟ್ಟೆಗಳ ಮೇಲೆ ಕಾರ್ಕಳಕ್ಕೆ ಬಂದೆವು. ಕರಿಕಲ್ಲಿನ ಊರು ಇದು. ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ನಿಲ್ಲಿಸಿದ ೪೨ ಅಡಿಯ ಗೊಮ್ಮಟನು ಗುಡ್ಡದ ಮೇಲೆ ಬಿಸಿಲಿಗೆ ನಿಂತಿದ್ದಾನೆ. ಎದುರಿನ ದಿಬ್ಬದಲ್ಲಿ ೧೫೮೬ರ ಚತುರ್ಮುಖ ಬಸದಿ. ನಾಲ್ಕು ಕಡೆಯಿಂದಲೂ ಒಂದೇ ರೂಪ. ಧರ್ಮಸ್ಥಳದಲ್ಲಿ ೧೯೮೨ರಲ್ಲಿ ಪ್ರತಿಷ್ಠೆಗೊಂಡ ೩೯ ಅಡಿಯ ಬಾಹುಬಲಿಯನ್ನು ಕಡೆದವರು ಇದೇ ಊರಿನ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು. ಕಾರ್ಕಳದಲ್ಲಿಯೇ ಕಡೆದು, ಗಾಲಿಗಳ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದರು. ಮೂಗಿನ ತುದಿಯಲ್ಲಿ ಉಳಿ ಒಂದು ನೂಲು ಹೆಚ್ಚು ಇಳಿದಿದ್ದರೆ ಅದನ್ನು ಮರಳಿ ಅಂಟಿಸುವ ವಿದ್ಯೆ ಯಾವ ಶಿಲ್ಪಿಯ ಬಳಿಯೂ ಇಲ್ಲ.

ವರ್ಕ್‌ಶಾಪಿನ ಯಜಮಾನರು ಐವತ್ತು ದಾಟಿದವರು. ಮಾತು ಕಡಿಮೆ. ಗಾಡಿಯನ್ನು ಮರದ ಮಣೆಯ ಮೇಲೆ ನಿಲ್ಲಿಸಿ, ಆಸನ ಬಿಚ್ಚಿ, ಫ್ರೇಮಿನ ಹಿಂಗೊಳವೆಗಳ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆದರು. ಇಲ್ಲಿ ಕೊಯ್ದು, ಅರ್ಧಚಂದ್ರಾಕಾರದ ಬೇರೊಂದು ಕೊಳವೆಯನ್ನು ಬೆಸೆಯಬೇಕು ಎಂದರು. ನಾನು ಸುಮ್ಮನಿದ್ದೆ. ಅಣ್ಣನ ಪರವಾಗಿ ಬಂದವನಾದರೂ, ಮುಂದಿನ ಮಾತು ಗಾಡಿ ಓಡಿಸುವವನದು ಎಂದು ನನಗೆ ತೋರಿತು.

ಹುಡುಗನು ಆ ಗೆರೆಯನ್ನು ನೋಡುತ್ತ ಕೇಳಿದನು: "ಮುಂದೆ ಯಾರಾದರೂ ಮೊದಲಿನ ಹಾಗೆ ಮಾಡಿಸಬೇಕೆಂದರೆ?"

"ಕೊಯ್ದ ಮೇಲೆ ವೆಲ್ಡಿಂಗೇ ಮಾರಾಯ್ರೆ. ಗಟ್ಟಿ ನಿಲ್ಲುತ್ತದೆ. ಆದರೆ ಗುರುತು ಹೋಗುವುದಿಲ್ಲ."

ಸಂಜೆಯ ಹೊತ್ತಿಗೆ ತಗ್ಗಿನ ಹ್ಯಾಂಡಲು ಕೂತಿತು. ಒಬ್ಬನೇ ಕೂರುವ ಆಸನವನ್ನು ಹಳೆಯ ಆಸನದ ಬೋಲ್ಟುಗಳಿಗೇ ಹೊಂದುವಂತೆ ತಗಡಿನಲ್ಲಿ ಮಾಡಿಕೊಡಲು ಯಜಮಾನರು ಒಪ್ಪಿದರು. ಬೇಕಾದಾಗ ಉದ್ದನೆಯ ಆಸನವನ್ನು ಮರಳಿ ಬಿಗಿಯಬಹುದು. ಕಾಲಿನ ಮೆಟ್ಟು, ಗೇರು ಇದ್ದಲ್ಲಿಯೇ ಉಳಿದವು. ಮಡ್‌ಗಾರ್ಡನ್ನು ಬಿಚ್ಚಬೇಕೆಂದು ಹುಡುಗನೂ ಹೇಳಲಿಲ್ಲ, ಮಳೆ ಹತ್ತಿರವಿತ್ತು. ಏಸ್ ಕೆಫೆಯ ಹಳೆಯ ಗಿರಾಕಿಗಳು ಇದನ್ನು ಕೆಫೆ ರೇಸರ್ ಎಂದು ಒಪ್ಪುವರೋ ಇಲ್ಲವೋ, ನಮಗೆ ಅದರ ಚಿಂತೆಯಿಲ್ಲ. ಉದ್ದನೆಯ ಆಸನವಿನ್ನೂ ಇತ್ತಾದ್ದರಿಂದ ನಾನು ಹಿಂದೆ ಕುಳಿತೇ ಬೈಲೂರು, ಹಿರಿಯಡಕದ ದಾರಿಯಾಗಿ ಮಣಿಪಾಲಕ್ಕೆ ಮರಳಿದೆ. ತಗ್ಗಿನ ಹ್ಯಾಂಡಲಿಗೆ ಬಾಗಿದ ಅವನ ಬೆನ್ನ ಮೇಲಿಂದ ದಾರಿ ನನಗೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ರಾತ್ರಿ ಅವನೇ ತಂದೆಗೆ ದೂರವಾಣಿ ಮಾಡಿದನು. ಎಲ್ಲವನ್ನೂ ಕೇಳಿದ ಅಣ್ಣನು ಮೆಚ್ಚಲೂ ಇಲ್ಲ, ಗದರಲೂ ಇಲ್ಲ. ಬಿಚ್ಚಿದ ಹ್ಯಾಂಡಲು ಎಲ್ಲಿದೆ ಎಂದಷ್ಟೇ ವಿಚಾರಿಸಿದನಂತೆ. ಎಣ್ಣೆ ಸವರಿ, ಅಜ್ಜನ ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ ಎಂದನು ಹುಡುಗ. ಫ್ರೇಮಿನ ಮೇಲಿನ ಸುಣ್ಣದ ಗೆರೆಯನ್ನು ಅವನು ಒರೆಸಿರಲಿಲ್ಲ.