ಮಾಟುಂಗದ ಅಂಗಡಿ, ಮಾವನ ಮೊಬೈಲು

ಪುಣೆಯಿಂದ ಮುಂಬಯಿಗೆ ಹೋದಾಗಲೆಲ್ಲ ನಾನು ದಾದರಿನಲ್ಲಿ ಇಳಿದು, ಸ್ಲೋ ಲೋಕಲ್ ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ಮಾಟುಂಗಕ್ಕೆ ಬರುತ್ತೇನೆ. 2017ರಿಂದ ಮಹಿಳೆಯರೇ ನಡೆಸುತ್ತಿರುವ ಸ್ಟೇಷನ್ ಇದು. ಪೂರ್ವದ ಬದಿಗೆ ಇಳಿದರೆ ಸಾಕು, ಮಲ್ಲಿಗೆ, ತುಳಸಿ, ಬಾಳೆ ಎಲೆಗಳ ವಾಸನೆ. ಅದರ ಹಿಂದೆಯೇ ಕಾಫಿಬೀಜ ಹುರಿಯುವ ವಾಸನೆ. ಎದುರಿಗೆ ಮಹಡಿಯ ಮೇಲೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಭಾವೂದಾಜಿ ರಸ್ತೆಯ ಕಡೆ ನಡೆದರೆ 1926ರ ಮೈಸೂರು ಅಸೋಸಿಯೇಷನ್. ನನ್ನ ಅಮ್ಮ ಮದುವೆಯಾಗಿ ಈ ಊರಿಗೆ ಬಂದಾಗ ಮೊದಲ ಆರು ತಿಂಗಳು ಮುಂಬಯಿ ಎಂದರೆ ಅವಳಿಗೆ ಇಷ್ಟೇ ಜಾಗವಾಗಿತ್ತಂತೆ.

ಈಗ ಹೂ ಕಟ್ಟುವ ಅಜ್ಜಿಯ ಬುಟ್ಟಿಗೂ ಒಂದು ಕ್ಯೂಆರ್ ಕೋಡ್ ಸಿಕ್ಕಿಸಿದೆ. ನೀರು ಚಿಮುಕಿಸುವಾಗ ಒದ್ದೆಯಾಗದ ಹಾಗೆ ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ.

ನನ್ನ ಸೋದರಮಾವನ ಅಂಗಡಿ ಇಲ್ಲಿಂದ ಐದು ನಿಮಿಷದ ದಾರಿ. ಅಗಲ ಎಂಟು ಅಡಿ, ಉದ್ದ ಹದಿನಾಲ್ಕು. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಹಲಸಿನ ಹಪ್ಪಳ, ಓಲೆಬೆಲ್ಲ, ಮಾಂಬಳ, ಮಳೆಗಾಲದಲ್ಲಿ ಕೆಸುವಿನ ಎಲೆ, ಬೇಸಗೆಯಲ್ಲಿ ಗುಜ್ಜೆ. ಊರಿನ ರಾತ್ರಿ ಬಸ್ಸಿನಲ್ಲಿ ಬರುವ ಮೂಟೆಗಳನ್ನು ಬೆಳಿಗ್ಗೆ ಸಾಯನ್‌ನಲ್ಲಿ ಇಳಿಸಿಕೊಂಡು ಬರುವುದು ಮಾವನ ದಿನದ ಮೊದಲ ಕೆಲಸ. ಗಲ್ಲಾದ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ. ಅದರಲ್ಲಿ ಗಿರಾಕಿಗಳ ಹೆಸರು ಕಡಿಮೆ, ಗುರುತು ಹೆಚ್ಚು: 'ಪೋರ್ಟ್ ಟ್ರಸ್ಟಿನವರು', 'ಮೂರನೇ ಮಾಳಿಗೆ ಅಕ್ಕ', 'ಕಾರ್ಕಳದ ಟೀಚರ್'.

ಕಷ್ಟ ಏನೆಂದರೆ, ಆ ಪುಸ್ತಕದ ಜನ ಮಾಟುಂಗದಲ್ಲಿ ಉಳಿಯಲಿಲ್ಲ. ಹಳೆಯ ಕಟ್ಟಡಗಳು ಬಿದ್ದು ಟವರುಗಳು ಎದ್ದವು, ಮಕ್ಕಳು ಡೊಂಬಿವಲಿ, ಮೀರಾರೋಡ್, ನವಿ ಮುಂಬಯಿಗಳಲ್ಲಿ ಮನೆ ಮಾಡಿದರು. ತಿಂಗಳಿಗೊಮ್ಮೆ ಬರುತ್ತಿದ್ದವರು ವರ್ಷಕ್ಕೊಮ್ಮೆ, ಚೌತಿಗೆ ಬಂದರೆ ಹೆಚ್ಚು. 2018ರ ಹೊತ್ತಿಗೆ ಮಾವ ಅಂಗಡಿ ಬಿಟ್ಟುಕೊಡುವ ಮಾತಾಡತೊಡಗಿದ್ದರು.

ಸಾಫ್ಟ್‌ವೇರಿನಲ್ಲಿ ಇರುವ ಅಳಿಯ ನಾನು, ಸುಮ್ಮನಿರಲಿಲ್ಲ. 2019ರ ದೀಪಾವಳಿಗೆ ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಫೋಟೋ, ಬೆಲೆ, ಬುಟ್ಟಿಗೆ ಹಾಕುವ ಗುಂಡಿ ಎಲ್ಲ ಇತ್ತು. ಎರಡು ತಿಂಗಳಲ್ಲಿ ಬಂದ ಆರ್ಡರು ಹನ್ನೊಂದು. ಅದರಲ್ಲಿ ನಾಲ್ಕು ನನ್ನವೇ, ಸರಿಯಾಗಿ ನಡೆಯುತ್ತದೋ ಎಂದು ನೋಡಲು ಹಾಕಿದ್ದು. ತಪ್ಪು ಎಲ್ಲಿ ಎಂದು ಗೊತ್ತಾದದ್ದು 'ಮೂರನೇ ಮಾಳಿಗೆ ಅಕ್ಕ'ನ ಎದುರು ಕೂತಾಗ. ಅವರು ನನ್ನ ಕೈಗೆ ಫೋನು ಕೊಟ್ಟು, "ಇದರಲ್ಲಿ ಗುಜ್ಜೆ ಎಲ್ಲಿ ಉಂಟು, ನೀನೇ ತೋರಿಸು ಮಗ" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಟೆಂಡರ್ ಜಾಕ್‌ಫ್ರೂಟ್ ಎಂದು ಹಾಕಿದ್ದೆ. ಮಂಗಳೂರು ಸೌತೆಗೆ ಇಲ್ಲಿನ ಮಾರ್ಕೆಟ್ಟಿನಲ್ಲಿ ಮದ್ರಾಸ್ ಕಾಕ್ಡಿ ಎನ್ನುತ್ತಾರೆ, ಕೆಸುವಿನ ಎಲೆಗೆ ಅಳೂ. ಒಂದೊಂದು ಸಾಮಾನಿಗೂ ಮೂರು ಭಾಷೆಯ ನಾಲ್ಕು ಹೆಸರು. ಪಾಸ್‌ವರ್ಡ್ ಬೇರೆ ಕೇಳುತ್ತಿತ್ತು ನನ್ನ ವೆಬ್‌ಸೈಟು. ಪತ್ರೊಡೆಗೆ ಎಲೆ ಕೇಳಲು ಪಾಸ್‌ವರ್ಡ್ ಯಾಕೆ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಆಮೇಲೆ ಮನೆಗೆ ಸಾಮಾನು ತಲುಪಿಸುವ ಒಂದು ದೊಡ್ಡ ಆ್ಯಪಿನವರು ಬಂದರು. ಹೆಸರು ಬೇಡ. ಆರ್ಡರುಗಳೇನೋ ಬಂದವು. ಆದರೆ ನೂರು ರೂಪಾಯಿಯ ಹಪ್ಪಳ ಮಾರಿದರೆ ಇಪ್ಪತ್ತರ ಮೇಲೆ ಅವರಿಗೆ. ಹಪ್ಪಳದಲ್ಲಿ ಮಾವನಿಗೆ ಉಳಿಯುವುದೇ ಹೆಚ್ಚುಕಡಿಮೆ ಅಷ್ಟು. ದುಡ್ಡಿಗಿಂತ ಮಾವನನ್ನು ಕಾಡಿದ್ದು ಬೇರೆ ಸಂಗತಿ. "ಯಾರಿಗೆ ಹೋಗ್ತದೆ ಅಂತಲೇ ಗೊತ್ತಾಗುವುದಿಲ್ಲ ಮಾರಾಯ. ನಂಬರೂ ಇಲ್ಲ, ಊರೂ ಇಲ್ಲ. ಕುಚ್ಚಲಕ್ಕಿ ಚೆನ್ನಾಗಿತ್ತೋ, ಕಲ್ಲಿತ್ತೋ, ಯಾರನ್ನು ಕೇಳುವುದು?" ಮೂವತ್ತು ವರ್ಷದ ವ್ಯಾಪಾರದಲ್ಲಿ ಅವರು ಕೂಡಿಟ್ಟದ್ದು ಯಾರ ಮನೆಯಲ್ಲಿ ಯಾವ ಅಕ್ಕಿ ಬೇಯುತ್ತದೆ ಎಂಬ ತಿಳಿವಳಿಕೆ. ಅದು ಆ್ಯಪಿನವರ ಹತ್ತಿರ ಹೋಗಿ ಕೂತಿತು. ಎಂಟು ತಿಂಗಳಿಗೆ ಬಿಟ್ಟರು.

ಅಂಗಡಿಯನ್ನು ಉಳಿಸಿದ್ದು ನಾನು ಲೆಕ್ಕಕ್ಕೇ ಹಿಡಿಯದ ವಾಟ್ಸ್ಆ್ಯಪ್. 2020ರ ಮಾರ್ಚಿನಲ್ಲಿ ಲೋಕಲ್ ರೈಲು ನಿಂತಾಗ ಗಿರಾಕಿಗಳು ತಾವಾಗಿಯೇ ಮಾವನಿಗೆ ಮೆಸೇಜು ಹಾಕತೊಡಗಿದರು. ಬರೆಯಲು ಬರದವರು ಮಾತಾಡಿ ಕಳಿಸಿದರು. ತುಳುವಿನಲ್ಲಿ, ಕೊಂಕಣಿಯಲ್ಲಿ, ಕುಂದಾಪುರದ ಕನ್ನಡದಲ್ಲಿ. ಅದಕ್ಕೆ ಹುಡುಕುವ ಕೆಲಸವಿಲ್ಲ, ಪಾಸ್‌ವರ್ಡಿಲ್ಲ. "ಕಳೆದ ಸಲದ್ದೇ ಅಕ್ಕಿ, ಮೆಣಸು ಅರ್ಧ ಕಿಲೋ, ಮತ್ತೆ ನಿಮ್ಮ ಬೆನ್ನು ನೋವು ಹೇಗುಂಟು?" ಎಂದರೆ ಆರ್ಡರು ಮುಗಿಯಿತು.

ಮೊದಲು ಒಂದು ಗ್ರೂಪು ಮಾಡಿದರು. ಅದೊಂದು ಗೋಳು. ಬೆಳಿಗ್ಗೆ ಐದಕ್ಕೇ ಶುಭೋದಯದ ಹೂಗಳು, ಮಧ್ಯಾಹ್ನ ರಾಜಕೀಯ, ರಾತ್ರಿ ಇಬ್ಬರು ಜಗಳವಾಡಿ ಹೊರಗೆ. ಯಾರದೋ ನಂಬರು ಯಾರಿಗೋ ಸಿಕ್ಕಿ ವಿಮೆಯ ಏಜೆಂಟನೊಬ್ಬ ಎಲ್ಲರಿಗೂ ಫೋನು ಮಾಡಿದ. ಆಮೇಲೆ ಅಂಗಡಿಯವರಿಗೆಂದೇ ಇರುವ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ, ಗ್ರೂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಟ್ಟೆ. ಒಂದು ಪಟ್ಟಿಗೆ 256 ಮಂದಿ. ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ. ಒಂದೇ ಷರತ್ತು, ಮಾವನ ನಂಬರನ್ನು ಅವರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸುದ್ದಿ ತಲುಪುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಅಂಗಡಿಯವರು ಗಾಳಿಗೆ ಮೆಸೇಜು ಹಾಕುತ್ತಾರೆ. ಮಾವ ಪ್ರತಿ ಚೀಲದ ಒಳಗೂ ಒಂದು ಚೀಟಿ ಹಾಕಿದರು: 'ನನ್ನ ನಂಬರು ಸೇವ್ ಮಾಡಿಕೊಳ್ಳಿ, ಕೆಸುವು ಬಂದಾಗ ಹೇಳುತ್ತೇನೆ.'

ಹಣಕ್ಕೆ ಯುಪಿಐ. ಯಾರೋ ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಎರಡು ಸಲ ಸಾಮಾನು ಒಯ್ದ ಮೇಲೆ ಮಾತಾಡುವ ಡಬ್ಬ ಬಂತು. ತಿಂಗಳಿಗೆ ನೂರು ಚಿಲ್ಲರೆ ಬಾಡಿಗೆ. ಭಾಷೆ ಆರಿಸಿ ಎಂದಾಗ ಮಾವ ಕನ್ನಡ ಒತ್ತಿದರು. ಮಾಟುಂಗದ ಆ ಗಲ್ಲಿಯಲ್ಲಿ ಗುಜರಾತಿ ಸೇಠಾಣಿ ಕಾಸು ಹಾಕಿದರೂ ಡಬ್ಬ ಕನ್ನಡದಲ್ಲೇ ಲೆಕ್ಕ ಹೇಳುತ್ತದೆ. ಆಕೆಗೆ ಈಗ ನೂರರ ತನಕ ಕನ್ನಡದ ಎಣಿಕೆ ಬರುತ್ತದಂತೆ.

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ಯುಪಿಐ ಜಮೆಯನ್ನು ನೋಡಿ ತೆರಿಗೆ ನೋಟಿಸು ಬಂದು, ಕೆಲವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದ ಸುದ್ದಿ ಓದಿ ಮಾವ ರಾತ್ರಿ ನನಗೆ ಫೋನು ಮಾಡಿದರು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಿಮ್ಮದು ಅಷ್ಟು ಇದೆಯೇ ಎಂದೆ. "ಅಷ್ಟು ಇದ್ದರೆ ನಿನ್ನ ಹತ್ತಿರ ಮಾತಾಡ್ತಿದ್ದೆನಾ?" ಎಂದು ನಕ್ಕರು. ಆದರೂ ಅಂದಿನಿಂದ ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ಬೇರೆ ಬೇರೆ ಖಾತೆ. ಮಗಳು ಕಳಿಸುವ ದುಡ್ಡು ವ್ಯಾಪಾರದ ಲೆಕ್ಕದಲ್ಲಿ ಸೇರಬಾರದಲ್ಲ.

ಇಷ್ಟೆಲ್ಲ ಹಳಿಗೆ ಬಂದಿತು ಎನ್ನುವಾಗ, ಕಳೆದ ಚೌತಿಗೆ ಹತ್ತು ದಿನ ಇರುವಾಗ, ದಾದರಿನ ಸೇತುವೆಯ ಮೇಲೆ ಮಾವನ ಫೋನು ಹೋಯಿತು. ಕಿಸೆ ಕತ್ತರಿಸಿದ್ದರು. ನಂಬರುಗಳೆಲ್ಲ ಫೋನಿನಲ್ಲೇ. ಬ್ಯಾಕಪ್ ಹಾಕಿಕೊಡಬೇಕಿದ್ದ ಅಳಿಯ ಮರೆತಿದ್ದ. ಹೊಸ ಸಿಮ್ ಸಿಕ್ಕ ಮೇಲೂ ಒಂದು ದಿನ ಎಸ್ಸೆಮ್ಮೆಸ್ ಬರಲಿಲ್ಲ, ಹಾಗಾಗಿ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಡಬ್ಬಕ್ಕೆ ತನ್ನದೇ ಸಿಮ್ ಇರುವುದರಿಂದ ಅದು ಮಾತ್ರ ಏನೂ ಆಗಿಲ್ಲ ಎಂಬಂತೆ ಕನ್ನಡ ಮಾತಾಡುತ್ತಿತ್ತು. ನಾನು ಪುಣೆಯಿಂದ ಓಡಿ ಬಂದೆ. ಮಾವ ಗಲ್ಲಾದ ಹಿಂದೆ ಕೂತಿದ್ದರು, ಯಾರಾದರೂ ತೀರಿಹೋದಾಗ ಕೂರುವ ಹಾಗೆ. ಮುನ್ನೂರು ಮನೆಗಳ ಚೌತಿ ಆ ಫೋನಿನಲ್ಲಿ ಇತ್ತು.

ಆಗ ಅತ್ತೆ ಒಳಗಿನಿಂದ ಕೆಂಪು ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಬಂದ ಪ್ರತಿಯೊಂದು ಧ್ವನಿ ಮೆಸೇಜನ್ನೂ ಅವರು ರಾತ್ರಿ ಕೇಳಿಸಿಕೊಂಡು ಬರೆದಿಡುತ್ತಿದ್ದರು. ಗುರುತು, ಸಾಮಾನು, ಪಕ್ಕದಲ್ಲಿ ನಂಬರು. "ನಿಮ್ಮ ಮಾವನ ಕಿವಿ ಮಂದ. ತಪ್ಪು ಸಾಮಾನು ಹೋದರೆ ಅಂತ ಬರೆದದ್ದು" ಎಂದರು. ಎರಡು ರಾತ್ರಿ ಕೂತು ನಾನು ಆ ನಂಬರುಗಳನ್ನು ಹೊಸ ಫೋನಿಗೆ ಹಾಕಿದೆ. ಈ ಸಲ ಫೋನಿನಲ್ಲಿ ಮಾತ್ರವಲ್ಲ, ಗೂಗಲ್ ಖಾತೆಯಲ್ಲೂ ಉಳಿಸಿದೆ. ಬ್ಯಾಕಪ್ಪಿನ ಗುಂಡಿಯನ್ನು ಅತ್ತೆಯ ಕೈಯಲ್ಲೇ ಒತ್ತಿಸಿದೆ.

ಮೊನ್ನೆ ಶನಿವಾರ ನಾನೂ ಅಂಗಡಿಯ ಹುಡುಗನ ಜೊತೆ ಡೊಂಬಿವಲಿಗೆ ಹೋಗಿದ್ದೆ. ಗುರುವಾರ ರಾತ್ರಿಗೆ ಆರ್ಡರು ನಿಲ್ಲುತ್ತದೆ, ಶುಕ್ರವಾರ ಚೀಲ ಕಟ್ಟುತ್ತಾರೆ, ಶನಿವಾರ ಮಧ್ಯಾಹ್ನದ ಸ್ಲೋ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೂಟೆಗಳು. ಮೀನಿನ ಬುಟ್ಟಿಗಳ ನಡುವೆ ಕುಚ್ಚಲಕ್ಕಿ ಜೋಪಾನ ಮಾಡುವುದು ಸಣ್ಣ ಕೆಲಸವಲ್ಲ. ಸ್ಟೇಷನ್ನಿನ ಹೊರಗೆ ಮೆಟ್ಟಿಲ ಹತ್ತಿರ ಆಗಲೇ ಇಪ್ಪತ್ತು ಮಂದಿ ಕಾದಿದ್ದರು. ಚೀಲಕ್ಕಾಗಿ ಬಂದವರು ಅರ್ಧ ಗಂಟೆ ನಿಂತು ಮಾತಾಡಿದರು: ಯಾರ ಮಗಳಿಗೆ ಗಂಡು ನೋಡಿದ್ದಾರೆ, ಊರಿನಲ್ಲಿ ಮಳೆ ಹೇಗೆ, ಈ ವರ್ಷ ಯಾವ ಮೇಳದ ಆಟ ಮುಂಬಯಿಗೆ ಬರುತ್ತದೆ.

ಕೊನೆಯ ಚೀಲ 'ಕಾರ್ಕಳದ ಟೀಚರ್' ಅವರದು. ಎಂಬತ್ತರ ಹತ್ತಿರ ವಯಸ್ಸು, ಮೊಮ್ಮಗನ ಸ್ಕೂಟರಿನಲ್ಲಿ ಬಂದಿದ್ದರು. ಅವನು ಕಾಸು ಹಾಕುವಾಗ ಅವರು ಚೀಲ ಬಿಚ್ಚಿ ಕೆಸುವಿನ ಎಲೆಯನ್ನು ಮೂಸಿ ನೋಡಿ, ತಮ್ಮ ಫೋನು ತೆಗೆದು ಬಾಯಿಯ ಹತ್ತಿರ ಹಿಡಿದುಕೊಂಡರು.

"ಎಲೆ ಎಳತು ಉಂಟು, ಬಂತು. ಇನ್ನೊಂದು ವಾರಕ್ಕೆ ಇದೇ ಕಳಿಸಿ. ನಿಮ್ಮ ಅಳಿಯ ಬಂದಿದ್ದಾನೆ, ತುಂಬಾ ಸಪೂರ ಆಗಿದ್ದಾನೆ, ಊಟ ಹಾಕಿ ಕಳಿಸಿ."