ನೋವಿಗೊಂದು ಅಂಕಿ

ನಮ್ಮ ಜತ್ತ ತಾಲೂಕಿನ ಮಂದಿಗೆ ಯಾರರೆ "ಹ್ಯಾಂಗದೀರಿ?" ಅಂತ ಕೇಳಿದರೆ "ಆರಾಮ" ಅನ್ನೋದು ರೂಢಿ. ಜ್ವರ ಬಂದಿದ್ದರೂ ಆರಾಮ, ಮಳಿ ಇಲ್ಲದ ಜ್ವಾಳ ಒಣಗಿದರೂ ಆರಾಮ. ನನಗೆ ಲಿವರ್ ಆಪರೇಷನ್ ಆದಾಗ ಈ ಮಾತು ಕೆಲಸಕ್ಕೆ ಬರಲಿಲ್ಲ.

ಲಿವರಿನಲ್ಲಿ ಕ್ಯಾನ್ಸರ್ ಗಡ್ಡಿ ಇತ್ತು. ಆಪರೇಷನ್ನಿನ ಹಿಂದಿನ ದಿನ ಸಿಸ್ಟರಬಾಯಿ ಒಂದು ಕಾಗದ ತಂದು ಕುಂತಳು. ಅದರಲ್ಲಿ 13 ತ್ರಾಸು ಬರೆದಿದ್ದವು. ನೋವು, ದಣಿವು, ವಾಕರಿಕೆ, ನಿದ್ದಿಗೇಡು, ಉಸಿರು ಹತ್ತೋದು, ಊಟ ಸೇರದಿರೋದು, ಮರೆವು, ದುಃಖ, ಹೀಂಗ. ಕಳೆದ 24 ತಾಸಿನಲ್ಲಿ ಎಷ್ಟು ಜೋರಿತ್ತು ಅಂತ ಒಂದೊಂದಕ್ಕೂ ಅಂಕಿ ಹೇಳಬೇಕು. 0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ಇದಕ್ಕಿಂತ ಹೆಚ್ಚಿನದು ಇರಲಾರದು ಅನ್ನುವಷ್ಟು. ಮತ್ತೆ 6 ಪ್ರಶ್ನೆ, ಇವುಗಳಿಂದ ನಡಿಯೋದು, ಕೆಲಸ, ಮಂದಿ ಸಂಗಾಟ ಬೆರಿಯೋದು ಎಷ್ಟು ಕೆಟ್ಟೈತಿ ಅಂತ. ಅಮೆರಿಕಾದ ಹ್ಯೂಸ್ಟನ್ ಊರಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ದವಾಖಾನಿಯವರು 2000ನೇ ಇಸವಿಯಲ್ಲಿ ಹೊರಗೆ ತಂದ ಪ್ರಶ್ನೆಗಳು ಇವು.

ದಣಿವಿಗೆ ಅಂಕಿ ಅಂದರೆ ಹ್ಯಾಂಗ? ನಾನು ಒಕ್ಕಲಿಗ, ಹಾಡಿಕಿಯವ. ನನ್ನದೇ ಒಂದು ಅಳತಿ ಮಾಡಿಕೊಂಡೆ. ರಾತ್ರಿಯೆಲ್ಲಾ ಭಜನಿ ಮಾಡಿ ಬೆಳಗಾದ ಮ್ಯಾಲಿನ ದಣಿವು 3. ಬಿಸಿಲಾಗ ದಿನವಿಡೀ ರಾಶಿ ಮಾಡಿದ್ದು 5. ಹಾಡಿನ ಒಂದು ಸಾಲು ಒಂದೇ ದಮ್ಮಿಗೆ ಮುಗಿದರೆ ಉಸಿರಿನ ತ್ರಾಸು 0.

ಸಿಸ್ಟರಬಾಯಿ ಕೇಳಿದ್ದು ಮರಾಠಿಯಲ್ಲಿ. ಸಂತಿಗೆ, ಕಚೇರಿಗೆ ಸಾಲುವಷ್ಟು ಮರಾಠಿ ನನಗೂ ಬರತೈತಿ. ಆದರೆ ಬ್ಯಾನಿ ಬಂದಾಗ ಬಾಯಿಗೆ ಬರೋದು ಕನ್ನಡನ. "ಸಂಕಟ ಆಗತೈತಿ" ಅಂದೆ. ನಮಗೆ ಅದು ಹೊಟ್ಟಿ ತೊಳಸೋದು, ಮರಾಠಿಯವರಿಗೆ ಅದು ಆಪತ್ತು. ಆಕಿ ಗಾಬರಿಯಾಗಿ ಮನಿಯಾಗ ಏನಾತು ಬಾಬಾ ಅಂತ ಕೇಳಿದಳು! ಅಕ್ಕಲಕೋಟ ಕಡಿಯ ಆಯಾಬಾಯಿ ಒಬ್ಬಾಕಿ ಬಿಡಿಸಿ ಹೇಳಿದ ಮ್ಯಾಲೆ ನನ್ನ ಅಂಕಿ ಖರೇ ಆದವು. ನಮ್ಮ ಸಾಲಿ ಗುರುಗಳು ಈ 13 ತ್ರಾಸಿಗೂ ನಮ್ಮ ಕನ್ನಡ, ಅವರ ಮರಾಠಿ ಎರಡನ್ನೂ ಒಂದು ಹಾಳಿ ಮ್ಯಾಲೆ ಬರೆದು ವಾಚನಾಲಯದಾಗ ಇಟ್ಟರೆ ದವಾಖಾನಿಗೆ ಹೋಗೋರಿಗೆ ದೊಡ್ಡ ಉಪಕಾರ.

ಆಪರೇಷನ್ ಆದ ಮ್ಯಾಲೆ ದಣಿವು 2 ಇದ್ದದ್ದು 9 ಆತು. ನೋವು 7, ಆಮ್ಯಾಲೆ 5, ಏಳನೇ ದಿನಕ್ಕೆ 3. ಎಂಟನೇ ದಿನ ಮಗ "ಅಪ್ಪ ಆರಾಮ ಅದಾನ್ರಿ, ಮನಿಗೆ ಕರಕೊಂಡು ಹೋಗತೀವಿ" ಅನ್ನುತ್ತಿದ್ದ. ನಾನು 6 ಅಂದೆ. "ನಿನ್ನೆ 3, ಇವತ್ತು 6 ಯಾಕೆ?" ಅಂತ ಸಿಸ್ಟರಬಾಯಿ ಪೆನ್ನು ನಿಲ್ಲಿಸಿದಳು. ಬಲಭುಜ ತೋರಿಸಿದೆ. ಹಾಸಿಗಿ ಒತ್ತಿರಬೇಕು ಅಂದ ಮಗ. ಡಾಕ್ಟರು ಹಂಗ ಬಿಡಲಿಲ್ಲ, ಸೋನೋಗ್ರಾಫಿ ಮಾಡಿಸಿದರು. ಲಿವರಿನ ಮ್ಯಾಲೆ ನೀರು ಕೂಡಿಕೊಂಡಿತ್ತು. ನಳಿಗಿ ಹಾಕಿ ತೆಗೆದರು. ಎದಿ-ಹೊಟ್ಟಿ ನಡುವೆ ಒಂದು ಪರದೆ ಐತಿ, ಅದರ ನರ ಕುತ್ತಿಗಿಯಿಂದ ಬರತೈತಿ, ಅದಕ್ಕೇ ಅಲ್ಲಿ ಕೆರಳಿದರೆ ನೋವು ಭುಜದಾಗ ಕಾಣತೈತಿ ಅಂತ ಹೇಳಿದರು.

ಮೂರು ತಿಂಗಳಿಗೆ ಫೋಟೋ ತೆಗೆದರು. ಚಾಟ್ನಿ ಮಾಡಿದ ದ್ರಾಕ್ಷಿ ಚಿಗುರಿದಂಗ ಉಳಿದ ಲಿವರ್ ಬೆಳೆದು ತುಂಬಿಕೊಂಡೈತಿ, ರಕ್ತವೂ ಚಲೋ ಐತಿ ಅಂದರು. ನನ್ನ ದಣಿವು ಮಾತ್ರ ಇನ್ನೂ 4. ಅದನ್ನೂ ಬರಕೊಂಡರು. ಪೆಟಿಗಿ ಬಾರಿಸೋ ಹುಡುಗನಿಗೆ ಕರಿ 4 ಬಿಟ್ಟು ಕರಿ 2 ಹಿಡಿ ಅಂತ ಹೇಳೇನಿ. ದೀಪಾವಳಿ ಆದ ಮ್ಯಾಲೆ ಮತ್ತೆ ಕಾಗದ ತುಂಬಾಕ ಹೋಗಬೇಕು.